ಹೊಳೆಯ ಬದಿಯಲ್ಲಿ ಪುಕ್ಕಟೆ ಬಿಡಾರ

ಪುಕ್ಕಟೆ ಸಿಗುವುದರಲ್ಲಿ ಏನೋ ಮೋಸವಿದ್ದೀತು ಎಂದು ಅನುಮಾನಿಸುವುದು ನಮ್ಮ ಮಧ್ಯಮ ವರ್ಗದವರ ಹುಟ್ಟುಗುಣ. ಒಂದು ಸೀರೆ ಕೊಂಡರೆ ಇನ್ನೊಂದು ಉಚಿತ ಎಂದು ಬೋರ್ಡು ಕಂಡರೆ, ಬೆಲೆಯನ್ನು ಮೊದಲೇ ಏರಿಸಿರಬೇಕು ಎಂದು ಲೆಕ್ಕ ಹಾಕುತ್ತೇವೆ. ಹೀಗಾಗಿ ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ಓದುತ್ತಿರುವ ಅಣ್ಣನ ಮಗ, "ಚಿಕ್ಕಪ್ಪ, ಹೋಟೆಲ್ ಬೇಡ. ಹೊಳೆ ಪಕ್ಕ ಡೇರೆ ಹಾಕೋಣ. ದುಡ್ಡೂ ಇಲ್ಲ, ಬುಕಿಂಗೂ ಇಲ್ಲ" ಎಂದಾಗ ನಾನು ಕೇಳಿದ ಮೊದಲ ಪ್ರಶ್ನೆ, "ಜಾಗ ಯಾರದಪ್ಪಾ?" ಎಂದು. "ಸಾರ್ವಜನಿಕರದು" ಎಂದ. ನಮ್ಮ ಕಡೆ ಈ ಮಾತಿಗೆ ಎರಡೇ ಅರ್ಥ. ಒಂದು, ಯಾರದೂ ಅಲ್ಲ. ಇನ್ನೊಂದು, ಮೊದಲು ಬೇಲಿ ಹಾಕಿದವನದು. ಮೂರನೆಯ ಅರ್ಥವೂ ಒಂದಿದೆ ಎಂದು ತಿಳಿಯಲು ನನಗೆ ನಾಲ್ಕು ರಾತ್ರಿ ಡೇರೆಯಲ್ಲಿ ಮಲಗಬೇಕಾಯಿತು.

ಮೊದಲು ಲೆಕ್ಕಾಚಾರ ನೋಡೋಣ. ಅಮೆರಿಕದ ಭೂ ನಿರ್ವಹಣಾ ಇಲಾಖೆಯ ಕೈಯಲ್ಲಿ ಸುಮಾರು 24.5 ಕೋಟಿ ಎಕರೆ ನೆಲವಿದೆ. ನಮ್ಮ ಇಡೀ ಕರ್ನಾಟಕದ ಐದರಷ್ಟು! ಅರಣ್ಯ ಸೇವಾ ಇಲಾಖೆಯ ಬಳಿ ಮತ್ತೆ ಸುಮಾರು 19.3 ಕೋಟಿ ಎಕರೆ. ಇದರಲ್ಲಿ ಬಹುಪಾಲು ಪಶ್ಚಿಮದ ರಾಜ್ಯಗಳಲ್ಲಿದೆ. 1862ರ ಹೋಮ್‌ಸ್ಟೆಡ್ ಕಾನೂನಿನಂತೆ ಸರ್ಕಾರ ಉಳುವವರಿಗೆ 160 ಎಕರೆಯಂತೆ ಹಂಚುತ್ತ ಹೋಯಿತು. ನೀರಿಲ್ಲದ ಒಣ ಬಯಲು, ಕಡಿದಾದ ಬೆಟ್ಟ ಯಾರಿಗೂ ಬೇಡವಾಗಿ ಸರ್ಕಾರದಲ್ಲೇ ಉಳಿಯಿತು. ಕಾಡುಗಳಲ್ಲಿ ಎಷ್ಟೋ ಭಾಗವನ್ನು ಬೇಕೆಂದೇ ಉಳಿಸಿಕೊಂಡರು. ಉಳಿದ ಬಯಲನ್ನು ಮಾರದೆ ಸಾಮಾನ್ಯವಾಗಿ ಸರ್ಕಾರದ ಒಡೆತನದಲ್ಲೇ ಇಟ್ಟುಕೊಳ್ಳಬೇಕೆಂದು 1976ರಲ್ಲಿ ಕಾನೂನಾಯಿತು. ಈ ನೆಲದಲ್ಲಿ ದನ ಮೇಯುತ್ತವೆ, ಮರ ಕಡಿಯುತ್ತಾರೆ, ಗಣಿಯೂ ಇದೆ. ಜೊತೆಗೆ, ಬೇರೆ ಸೂಚನೆ ಇಲ್ಲದ ಕಡೆಗಳಲ್ಲಿ, ಯಾರು ಬೇಕಾದರೂ ಡೇರೆ ಹಾಕಿ ಮಲಗಬಹುದು. ನಲ್ಲಿ ಇಲ್ಲ, ಶೌಚಾಲಯವಿಲ್ಲ, ಕಸದ ತೊಟ್ಟಿ ಇಲ್ಲ, ದೀಪವಿಲ್ಲ. ಅದಕ್ಕೇ ಶುಲ್ಕವೂ ಇಲ್ಲ. ಒಂದೇ ಕಡೆ ಸಾಮಾನ್ಯವಾಗಿ 14 ದಿನ ಇರಬಹುದು. ಆಮೇಲೆ ಜಾಗ ಖಾಲಿ ಮಾಡಿ ದೂರ ಹೋಗಬೇಕು.

ನಾವು ಹೋದದ್ದು ಟೇಲರ್ ಪಾರ್ಕ್ ಜಲಾಶಯದ ಕಡೆಗೆ. ಡೆನ್ವರ್‌ನಿಂದ ಹೊರಟು ಬ್ಯೂನಾ ವಿಸ್ಟಾ ಎಂಬ ಊರು ದಾಟಿ, ಕಾಟನ್‌ವುಡ್ ಕಣಿವೆದಾರಿಯನ್ನು ಏರಬೇಕು. ನೆತ್ತಿಯ ಎತ್ತರ 12,126 ಅಡಿ. ನಮ್ಮ ಮುಳ್ಳಯ್ಯನಗಿರಿಯ ಎರಡರಷ್ಟಕ್ಕೆ ಹತ್ತಿರ. ಜುಲೈ ತಿಂಗಳಾದರೂ ನೆರಳಿನಲ್ಲಿ ಹಿಮ ಇನ್ನೂ ಕರಗಿರಲಿಲ್ಲ. ಅಲ್ಲಿಂದ ಕೆಳಗೆ ನೋಡಿದರೆ ಬಟ್ಟಲಿನಂಥ ಬಯಲು, ಅದರ ನಡುವೆ ನೀಲಿ ನೀರು.

ಈ ಅಣೆಕಟ್ಟಿನ ಕತೆ ಕೇಳಿದರೆ ಮಂಡ್ಯದವರಿಗೆ ತಮ್ಮದೇ ಕತೆ ಎನ್ನಿಸೀತು. ಬೆಟ್ಟದ ಆಚೆ ಅನ್‌ಕಂಪಾಗ್ರೆ ಕಣಿವೆಯಲ್ಲಿ ಹೊಲಗಳಿದ್ದವು, ನೀರು ಸಾಲದು. ಈಚೆ ಗನ್ನಿಸನ್ ನದಿಯಲ್ಲಿ ನೀರಿತ್ತು, ಹೊಲವಿಲ್ಲ. ನಡುವಿನ ಬೆಟ್ಟವನ್ನು ಕೊರೆದು ಸುಮಾರು 6 ಮೈಲಿ ಉದ್ದದ ಸುರಂಗ ತೆಗೆದರು. 1909ರಲ್ಲಿ ಅಧ್ಯಕ್ಷ ಟಾಫ್ಟ್ ಬಂದು ಅದನ್ನು ಉದ್ಘಾಟಿಸಿದರು. ಬೇಸಿಗೆಯ ಕೊನೆಯಲ್ಲಿ ನದಿ ಸೊರಗುತ್ತಿದ್ದುದರಿಂದ ಮೇಲ್ಭಾಗದಲ್ಲಿ ನೀರು ಹಿಡಿದಿಡಲು 1937ರಲ್ಲಿ ಟೇಲರ್ ಪಾರ್ಕ್ ಅಣೆಕಟ್ಟು ಮುಗಿಯಿತು. ಕನ್ನಂಬಾಡಿಯ ನೀರು ಹುಲಿಕೆರೆ ಸುರಂಗ ಹಾದು ಮಂಡ್ಯದ ಬಯಲಿಗೆ ಇಳಿದ ಹಾಗೆಯೇ.

ಜಲಾಶಯದ ದಂಡೆಯಲ್ಲಿ ಶುಲ್ಕ ಕೊಟ್ಟು ತಂಗುವ ಜಾಗವೂ ಇದೆ. ನಾವು ಅದನ್ನು ದಾಟಿ ಕಾಡಿನ ಮಣ್ಣುದಾರಿ ಹಿಡಿದೆವು. ಇಂಥ ಕಡೆ ಹೋಗುವ ಮೊದಲು ಸ್ಥಳೀಯ ಅರಣ್ಯ ಕಚೇರಿಯಲ್ಲಿ ನಕ್ಷೆ ಕೇಳಿ ಪಡೆಯಬೇಕು. ಯಾವ ದಾರಿ ತೆರೆದಿದೆ, ಬೆಂಕಿ ಹಚ್ಚಬಹುದೇ, ಎಲ್ಲಿ ಡೇರೆ ನಿಷಿದ್ಧ ಎಂಬುದು ವರ್ಷ ವರ್ಷ ಬದಲಾಗುತ್ತದೆ.

ನನ್ನ ಆಸೆ, ನೀರಿನ ಪಕ್ಕದಲ್ಲೇ ಬಿಡಾರ ಹೂಡಬೇಕು, ರಾತ್ರಿಯಿಡೀ ಜುಳುಜುಳು ಕೇಳಬೇಕು ಎಂದು. ಹುಡುಗ ಒಪ್ಪಲಿಲ್ಲ. ಹೊಳೆಯಿಂದ ಹೆಜ್ಜೆ ಎಣಿಸುತ್ತ ಮೇಲಕ್ಕೆ ನಡೆದ. 200 ಅಡಿ ದೂರ ಎಂಬುದು ಅಲ್ಲಿ ಎಲ್ಲರೂ ಕಲಿಯುವ ಪಾಠ. ದಡದ ಹುಲ್ಲು ತುಳಿತಕ್ಕೆ ಸಿಕ್ಕಿ ಸಾಯಬಾರದು, ನೀರು ಕುಡಿಯಲು ಬರುವ ಪ್ರಾಣಿಗೆ ಅಡ್ಡಿಯಾಗಬಾರದು, ನಮ್ಮ ಕೊಳೆ ನೀರಿಗೆ ಸೇರಬಾರದು. ಹೊಸ ಜಾಗ ಮಾಡದೆ, ಹಿಂದೆ ಯಾರೋ ಡೇರೆ ಹಾಕಿ ಗಟ್ಟಿಯಾದ ನೆಲವನ್ನೇ ಅವನು ಆರಿಸಿದ. "ಹತ್ತು ಜನ ಹತ್ತು ಕಡೆ ತುಳಿದರೆ ಹತ್ತು ಗಾಯ, ಒಂದೇ ಕಡೆ ತುಳಿದರೆ ಒಂದೇ ಗಾಯ" ಎಂದ. ಮನೆಯಲ್ಲಿ ಒದ್ದೆ ಟವಲನ್ನು ಮಂಚದ ಮೇಲೆಯೇ ಬಿಡುತ್ತಿದ್ದ ಹುಡುಗನ ಬಾಯಲ್ಲಿ ಈ ಮಾತು!

ದೂರ ಇರುವುದಕ್ಕೆ ಇನ್ನೂ ದೊಡ್ಡ ಕಾರಣವೊಂದಿದೆ. 1976ರ ಜುಲೈ 31ರ ಸಂಜೆ ಇದೇ ರಾಜ್ಯದ ಬಿಗ್ ಥಾಂಪ್ಸನ್ ಕಣಿವೆಯಲ್ಲಿ ರಜೆ ಕಳೆಯಲು ಬಂದವರು ಕಿಕ್ಕಿರಿದಿದ್ದರು. ಮೇಲ್ಭಾಗದಲ್ಲಿ ಕೆಲವೇ ಗಂಟೆಗಳಲ್ಲಿ ಹನ್ನೆರಡು ಇಂಚಿನಷ್ಟು ಮಳೆ ಸುರಿಯಿತು. ಮೊಣಕಾಲುದ್ದದ ಹೊಳೆ ಗೋಡೆಯಂತೆ ನುಗ್ಗಿ ಬಂದು 140ಕ್ಕೂ ಹೆಚ್ಚು ಜನರನ್ನು ಕೊಂದಿತು. ಎಷ್ಟೋ ಜನ ಕಾರಿನಲ್ಲಿ ಕೂತು ಕಣಿವೆಯ ಕೆಳಕ್ಕೆ ಓಡಿಸಲು ಹೋಗಿ ಸತ್ತರು. ಕಾರು ಬಿಟ್ಟು ಪಕ್ಕದ ಗುಡ್ಡ ಹತ್ತಿದವರು ಬದುಕಿದರು. ಪ್ರವಾಹ ಬಂದರೆ ಮೇಲಕ್ಕೆ ಹತ್ತಿ ಎಂಬ ಫಲಕವನ್ನು ಕೊಲರಾಡೊದ ಕಣಿವೆ ರಸ್ತೆಗಳಲ್ಲಿ ಇಂದಿಗೂ ನೋಡಬಹುದು. 2025ರ ಜುಲೈ 4ರ ಮುಂಜಾವಿನಲ್ಲಿ ಟೆಕ್ಸಸ್‌ನ ಗ್ವಾಡಲೂಪ್ ನದಿ ಉಕ್ಕಿದಾಗ ದಡದ ಬೇಸಿಗೆ ಶಿಬಿರದಲ್ಲಿ ಮಲಗಿದ್ದ ಪುಟ್ಟ ಹೆಣ್ಣುಮಕ್ಕಳು ಕೊಚ್ಚಿಹೋದರು. ನಮ್ಮ ತಲೆಯ ಮೇಲಿನ ಆಕಾಶ ತಿಳಿಯಾಗಿದ್ದರೆ ಸಾಲದು. ಹೊಳೆ ಹುಟ್ಟುವ ಕಡೆಯ ಆಕಾಶವನ್ನು ನೋಡಬೇಕು.

ಜಲಾಶಯದ ಅಂಚಿನದು ಬೇರೆ ಬಗೆಯ ಅಪಾಯ. ನೀರು ಇಳಿದಾಗ ಮಟ್ಟಸವಾದ ಬಯಲು ಬಿಡುತ್ತದೆ, ಮೇಲ್ಪದರ ಬಿರಿದು ಒಣಗಿದಂತೆ ಕಾಣುತ್ತದೆ. ಅಡಿಯಲ್ಲಿ ಕೆಸರು. ಕಾರು ಇಳಿಸಿದರೆ ಹೂತಿತೆಂದೇ ಲೆಕ್ಕ. ನೀರು ಮತ್ತೆ ಏರುವುದು ನಮ್ಮನ್ನು ಕೇಳಿಕೊಂಡಲ್ಲ.

ಅಡುಗೆಯ ವಿಷಯ ಹೇಳದಿದ್ದರೆ ಮನೆಯವರು ಒಪ್ಪುವುದಿಲ್ಲ. 9,300 ಅಡಿ ಎತ್ತರದಲ್ಲಿ ನೀರು 90 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಕೊತಕೊತ ಸದ್ದೇನೋ ಆಗುತ್ತದೆ, ಅಕ್ಕಿ ಮಾತ್ರ ಬೇಯುವುದಿಲ್ಲ. ಹೈಸ್ಕೂಲಿನಲ್ಲಿ ಉರು ಹೊಡೆದ ವಾಯುಭಾರದ ಪಾಠ ಅಂದು ಹಲ್ಲಿಗೆ ಸಿಕ್ಕಿತು. ಮರುದಿನದಿಂದ ನೆನೆಸಿದ ಅವಲಕ್ಕಿ, ಚಟ್ನಿಪುಡಿ. ಹೊಳೆಯ ನೀರು ಎಷ್ಟೇ ತಿಳಿಯಾಗಿದ್ದರೂ ಹಾಗೇ ಕುಡಿಯುವಂತಿಲ್ಲ. 6,500 ಅಡಿಗಿಂತ ಮೇಲೆ ನೀರನ್ನು ಮೂರು ನಿಮಿಷ ಕುದಿಸಬೇಕೆಂಬುದು ಅಲ್ಲಿನ ಆರೋಗ್ಯ ಇಲಾಖೆಯ ಸೂಚನೆ. ರಾತ್ರಿ ಊಟದ ಪದಾರ್ಥ, ಹಲ್ಲುಜ್ಜುವ ಪೇಸ್ಟು ಸಹಿತ, ಕಾರಿನೊಳಗೆ ಬೀಗ ಹಾಕಿಡಬೇಕು, ಇಲ್ಲದಿದ್ದರೆ ಕರಡಿ ಬಂದೀತು. ಶೌಚಕ್ಕೆ ನೀರಿನಿಂದ 200 ಅಡಿ ಆಚೆ, ಆರರಿಂದ ಎಂಟು ಇಂಚು ಆಳದ ಗುಂಡಿ ತೋಡಿ ಮುಚ್ಚಬೇಕು. ಇಷ್ಟೆಲ್ಲ ಮಡಿ ಏಕೆ ಎಂದರೆ, ಆ ಹೊಳೆ ಗನ್ನಿಸನ್‌ಗೆ ಸೇರುತ್ತದೆ, ಗನ್ನಿಸನ್ ಕೊಲರಾಡೊ ನದಿಗೆ ಸೇರುತ್ತದೆ, ಕೊಲರಾಡೊ ನದಿಯ ನೀರನ್ನು ಸುಮಾರು 4 ಕೋಟಿ ಜನ ನೆಚ್ಚಿಕೊಂಡಿದ್ದಾರೆ. ಕೆಳಗಿನವರು ಕಾಣುವುದಿಲ್ಲ, ಆದರೆ ಇದ್ದಾರೆ.

ಎರಡನೆಯ ಸಂಜೆ ಸ್ವಲ್ಪ ದೂರದಲ್ಲಿ ಹಳೆಯ ವ್ಯಾನೊಂದು ಬಂದು ನಿಂತಿತು. ಅದರಲ್ಲಿದ್ದಾಕೆ ಐವತ್ತರ ಆಸುಪಾಸಿನವರು. ಸಮೀಪದ ಪ್ರವಾಸಿ ಊರಿನ ಹೋಟೆಲಿನಲ್ಲಿ ಕೆಲಸವಂತೆ. ಅಲ್ಲಿ ಮನೆ ಬಾಡಿಗೆ ಕೊಡುವಷ್ಟು ಸಂಬಳವಿಲ್ಲ. ಹಿಮ ಬೀಳುವವರೆಗೆ ಹದಿನಾಲ್ಕು ದಿನಕ್ಕೊಮ್ಮೆ ಜಾಗ ಬದಲಿಸುತ್ತ ಕಾಡಿನಲ್ಲೇ ವಾಸ. "ನಿಮಗೆ ಇದು ರಜೆ, ನನಗೆ ಇದು ವಿಳಾಸ" ಎಂದು ನಕ್ಕರು. ನಾವು ಕೊಟ್ಟ ಅವಲಕ್ಕಿ ತಿಂದು, ತಮ್ಮ ಕಾಫಿ ಕೊಟ್ಟರು. ಬೆಳಿಗ್ಗೆ ಆಕೆ ಹೊರಟ ಮೇಲೆ ನೋಡಿದೆ: ಒಂದು ಬೆಂಕಿಕಡ್ಡಿಯೂ ನೆಲದಲ್ಲಿರಲಿಲ್ಲ. ಹಿಂದಿನ ರಜೆಯವರು ಬಿಟ್ಟುಹೋಗಿದ್ದ ಬೀರ್ ಡಬ್ಬಿಗಳನ್ನೂ ಆಕೆ ಆಯ್ದುಕೊಂಡು ಹೋಗಿದ್ದರು. ಆ ನೆಲ ಯಾರದು ಎಂಬ ನನ್ನ ಪ್ರಶ್ನೆಗೆ ಮೂರನೆಯ ಉತ್ತರ ಸಿಕ್ಕಿದ್ದು ಅಲ್ಲಿ. ಬಿಟ್ಟುಹೋಗುವಾಗ ಗುಡಿಸಿ ಹೋಗುವವರದು.

ಹಾಗೆಂದು ಅದೇನೂ ರಾಮರಾಜ್ಯವಲ್ಲ. ಅಲ್ಲಿ ಮೊದಲು ಇದ್ದವರು ಯೂಟ್ ಜನ. ಅವರಲ್ಲಿ ಹಲವರನ್ನು 1881ರಲ್ಲಿ ಪಶ್ಚಿಮ ಕೊಲರಾಡೊದಿಂದ ಬಲವಂತವಾಗಿ ಯೂಟಾಕ್ಕೆ ಅಟ್ಟಿದ ಮೇಲೆ ಅದು 'ಸಾರ್ವಜನಿಕ'ವಾಯಿತು. ಇಂದಿನ ಸಾರ್ವಜನಿಕರೆಲ್ಲ ಶಿಸ್ತಿನವರೂ ಅಲ್ಲ. 2020ರಲ್ಲಿ ಕೊರೋನಾದಿಂದ ಬೇಸತ್ತ ಜನ ಬೆಟ್ಟಗಳಿಗೆ ಮುಗಿಬಿದ್ದರು. ಹತ್ತಿರದ ಕ್ರೆಸ್ಟೆಡ್ ಬ್ಯೂಟ್ ಊರಿನ ಸುತ್ತಲ ಕಣಿವೆಗಳಲ್ಲಿ ಹುಲ್ಲುಗಾವಲು ಹಾಳಾಗಿ, ಹೊಲಸು ತುಂಬಿ, 2021ರಿಂದ ಗುರುತು ಹಾಕಿದ ಜಾಗಗಳಲ್ಲಿ ಮಾತ್ರ ಡೇರೆ ಎಂಬ ನಿಯಮ ಬಂತು. 2025ರ ಜೂನ್ ತಿಂಗಳಲ್ಲಿ ಇನ್ನೂ ದೊಡ್ಡ ಗಂಡಾಂತರ ಎದುರಾಯಿತು. ಪಶ್ಚಿಮದ ರಾಜ್ಯಗಳಲ್ಲಿ ಇಂಥ ನೆಲದಲ್ಲಿ ಲಕ್ಷಾಂತರ ಎಕರೆಯನ್ನು ಮಾರುವ ಪ್ರಸ್ತಾಪವನ್ನು ಸೆನೆಟ್‌ನಲ್ಲಿ ತಂದರು. ಬೇಟೆಗಾರರು, ಮೀನು ಹಿಡಿಯುವವರು, ಚಾರಣಿಗರು, ಎರಡೂ ಪಕ್ಷದ ಮತದಾರರು ಒಟ್ಟಾಗಿ ಕೂಗೆಬ್ಬಿಸಿದ ಮೇಲೆ ಜೂನ್ 28ರಂದು ಅದನ್ನು ಹಿಂತೆಗೆದುಕೊಂಡರು. ಮಲಗಿ ಎದ್ದ ನೆಲದ ಮೇಲೆ ಮಮತೆ ಇರುವವರು ಇದ್ದುದರಿಂದ ಅದು ಉಳಿಯಿತು ಎಂದೇ ನನಗೆ ಅನ್ನಿಸುತ್ತದೆ.

ನಮಗೂ ಇದು ಹೊಸತೇನಲ್ಲ. ಊರಾಚೆಯ ಗುಂಡುತೋಪನ್ನು ನೆನೆಯಿರಿ. ಗಾಡಿ ಹೂಡಿ ಜಾತ್ರೆಗೆ ಹೊರಟವರು ಅಲ್ಲಿ ಎತ್ತು ಬಿಚ್ಚಿ, ಮೂರು ಕಲ್ಲಿಟ್ಟು ಅನ್ನ ಮಾಡಿ, ಮಲಗಿ ಏಳುತ್ತಿದ್ದರು. ಕೆರೆ ಅಂಗಳ, ಗೋಮಾಳಗಳಲ್ಲಿ ಕುರಿಮಂದೆಯವರು ಬಿಡಾರ ಹೂಡುತ್ತಿದ್ದರು. ಯಾರೂ ಬಾಡಿಗೆ ಕೇಳುತ್ತಿರಲಿಲ್ಲ. ಎಷ್ಟೋ ಊರುಗಳಲ್ಲಿ ಆ ತೋಪು ಈಗ ನಿವೇಶನಗಳಾಗಿದೆ, ಗೋಮಾಳ ಒತ್ತುವರಿಯಾಗಿದೆ. ಉಳಿದ ಕಾಡಿಗೆ ಕಾನೂನಿನ ಕಾವಲಿದೆ. ಕಾಯ್ದಿಟ್ಟ ಅರಣ್ಯದಲ್ಲಿ, ಅಭಯಾರಣ್ಯದಲ್ಲಿ ಅನುಮತಿಯಿಲ್ಲದೆ ತಂಗುವಂತಿಲ್ಲ. ಆನೆ ಓಡಾಡುವ ಹಿನ್ನೀರಿನ ದಂಡೆಯಲ್ಲಿ ಅದು ಸರಿಯೂ ಹೌದು. ಅಮೆರಿಕದಲ್ಲಿ ನಡೆಯುತ್ತದೆಂದು ಕಬಿನಿಯ ಹಿನ್ನೀರಿಗೆ ಡೇರೆ ಹೊತ್ತು ಹೊರಟೀರಿ, ಜೋಕೆ.

ಹುಡುಗರು ಹೊಳೆಗೆ ಹೋಗುವುದೇ ಬೇಡ ಎಂದರೆ ಕೇಳುವವರು ಯಾರು? 2014ರ ಜೂನ್ 8ರಂದು ಹಿಮಾಚಲ ಪ್ರದೇಶದ ಬಿಯಾಸ್ ನದಿಯಲ್ಲಿ ಹೈದರಾಬಾದಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಬಂಡೆಗಳ ಮೇಲೆ ನಿಂತು ಫೋಟೊ ತೆಗೆದುಕೊಳ್ಳುತ್ತಿದ್ದರು. ಮೇಲಿನ ಲಾರ್ಜಿ ಜಲವಿದ್ಯುತ್ ಯೋಜನೆಯ ಅಣೆಕಟ್ಟಿನಿಂದ ನೀರು ಬಿಟ್ಟರು. 24 ಮಂದಿ ವಿದ್ಯಾರ್ಥಿಗಳು ಕೊಚ್ಚಿಹೋದರು. ಪಾರ್ವತಿ ಕಣಿವೆಯಾಗಲಿ ಕಾವೇರಿ ತೀರವಾಗಲಿ, ಮೇಲೆ ಅಣೆಕಟ್ಟಿದೆಯೇ, ನೀರು ಬಿಡುವ ಹೊತ್ತು ಯಾವುದು, ಓಡಿ ಹತ್ತಲು ದಿಬ್ಬ ಎಲ್ಲಿದೆ ಎಂಬ ಮೂರು ಪ್ರಶ್ನೆಗಳನ್ನು ಕಾಲೇಜಿನಲ್ಲಿ ಎಷ್ಟು ಜನ ಹೇಳಿಕೊಡುತ್ತಾರೆ?

ತಂದೆತಾಯಂದಿರಲ್ಲಿ ನನ್ನದೊಂದು ಮಾತು. ಮಕ್ಕಳಿಗೆ ಈಜು ಕಲಿಸಿ. ಸ್ಕೌಟ್ಸ್, ಎನ್‌ಸಿಸಿ ಶಿಬಿರಕ್ಕೆ ಹೋಗುತ್ತೇವೆಂದರೆ ಪರೀಕ್ಷೆಯ ನೆಪ ಹೇಳಿ ತಡೆಯಬೇಡಿ. ಊರಿನಲ್ಲಿ ಅಜ್ಜನ ತೋಟವಿದ್ದರೆ ಒಂದು ರಾತ್ರಿ ಅಲ್ಲೇ ಡೇರೆ ಹಾಕಿಸಿ; ತಾವೇ ಬೇಯಿಸಿ, ಪಾತ್ರೆ ತೊಳೆದು, ಬೂದಿಗೆ ನೀರು ಹೊಯ್ದು ಕೈಯಿಟ್ಟು ತಣ್ಣಗಾಗಿದೆಯೇ ನೋಡಲಿ. ಕತ್ತಲೆಂದರೆ ಏನು, ಚಳಿಯೆಂದರೆ ಏನು ಎಂದು ಗೊತ್ತಾದರೆ ಬೆಳಕಿನ, ಕಂಬಳಿಯ ಬೆಲೆಯೂ ಗೊತ್ತಾಗುತ್ತದೆ.

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಕೆಲವರು ನಾಳೆ ಅಮೆರಿಕಕ್ಕೂ ಹೋಗುತ್ತೀರಿ, ಅಂಥ ಹೊಳೆಯ ಬದಿಯಲ್ಲಿ ಮಲಗುತ್ತೀರಿ. ಹೆಚ್ಚಿನವರು ಇಲ್ಲೇ ಇರುತ್ತೀರಿ. ಎಲ್ಲಿದ್ದರೂ ನಿಮ್ಮೂರಿನ ಗುಂಡುತೋಪಿನ ಸರ್ವೆ ನಂಬರು ಯಾವುದು, ಅದರಲ್ಲಿ ಎಷ್ಟು ಉಳಿದಿದೆ ಎಂದು ಒಮ್ಮೆ ಗ್ರಾಮ ಆಡಳಿತಾಧಿಕಾರಿಗಳನ್ನು ಕೇಳಿ ನೋಡಿ. ಕೇಳುವುದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಕೇಳುವವರಿಲ್ಲದ ನೆಲ ಮಾತ್ರ ಬಹಳ ದಿನ ಎಲ್ಲರದಾಗಿ ಉಳಿಯುವುದಿಲ್ಲ.