ಒಂದನೆಯ ನಂಬರಿನವನು ಯಾರು?

ಕಥೆ ಹೇಳುವವನಿಗೂ ಕೇಳುವವನಿಗೂ ನಡುವೆ ಬರಹದಲ್ಲಿಲ್ಲದ ಕರಾರೊಂದುಂಟು. ಕೇಳುವವನು ತನ್ನ ಹೊತ್ತನ್ನೂ ನಂಬಿಕೆಯನ್ನೂ ಮುಂಗಡವಾಗಿ ಕೊಡುತ್ತಾನೆ. ಹೇಳುವವನು ತಾನು ಹಾಕಿದ ಗಂಟನ್ನು ಕಡೆಯಲ್ಲಿ ತಾನೇ ಬಿಚ್ಚಿ ತೋರಿಸಲು ಒಪ್ಪಿರುತ್ತಾನೆ. ಹರಿಕಥೆಯ ದಾಸರು ನಡುನಡುವೆ ಎಷ್ಟು ಉಪಕಥೆಗಳಿಗೆ ಹೊರಳಿದರೂ ಸಭಿಕರು ಬೇಸರಗೊಳ್ಳುವುದಿಲ್ಲ. ಮಂಗಳದ ಹೊತ್ತಿಗೆ ಅವರು ತಮ್ಮನ್ನು ಮೂಲಕಥೆಯ ದಡಕ್ಕೆ ಸೇರಿಸುವರೆಂಬ ಭರವಸೆ ಇರುತ್ತದೆ. ಈ ಕರಾರು ಮುರಿದುಹೋಯಿತೆಂದು ಬಹುಮಂದಿ ಒಟ್ಟಿಗೆ ಕೂಗೆಬ್ಬಿಸಿದ ಪ್ರಸಂಗವೊಂದು 1968ರ ಫೆಬ್ರವರಿಯಲ್ಲಿ ಇಂಗ್ಲೆಂಡಿನಲ್ಲಿ ನಡೆಯಿತು. ಕೂಗಿಗೆ ಕಾರಣ ರಾಜಕೀಯವಲ್ಲ, ಬೆಲೆಯೇರಿಕೆಯೂ ಅಲ್ಲ. ಟೆಲಿವಿಷನ್ನಿನಲ್ಲಿ ಬಂದ ಬೇಹುಗಾರನ ಕಥೆಯೊಂದರ ಕೊನೆಯ ಕಂತು.

ಆ ಕಾಲವೇ ಬೇಹುಗಾರರ ಕಾಲ. ಜೇಮ್ಸ್ ಬಾಂಡನ ಮೊದಲನೆಯ ಚಲನಚಿತ್ರ 1962ರಲ್ಲಿ ಬಂದಿದ್ದಿತು. ಅದಕ್ಕೂ ಎರಡು ವರ್ಷ ಮೊದಲೇ, 1960ರಲ್ಲಿ, 'ಡೇಂಜರ್ ಮ್ಯಾನ್' ಎಂಬ ಕಥಾಮಾಲೆಯಲ್ಲಿ ಪ್ಯಾಟ್ರಿಕ್ ಮೆಗೂಹನ್ ಎಂಬ ನಟನು ಜಾನ್ ಡ್ರೇಕ್ ಎಂಬ ಗೂಢಚಾರನ ಪಾತ್ರದಲ್ಲಿ ಕಾಣಿಸಿಕೊಂಡು ಹೆಸರು ಗಳಿಸಿದ್ದನು. ಈ ಮೆಗೂಹನ್ ವಿಲಕ್ಷಣ ಮನುಷ್ಯ. ತನ್ನ ಗೂಢಚಾರನು ಸಾಧ್ಯವಾದಷ್ಟು ಕೋವಿ ಹಿಡಿಯಬಾರದು, ಕಂಡ ಕಂಡ ಹೆಂಗಸರ ಬೆನ್ನು ಹತ್ತಬಾರದು ಎಂದು ಹಟ ಹಿಡಿದವನು. ಬಾಂಡನ ಪಾತ್ರ ತನ್ನೆಡೆಗೆ ಬಂದಾಗ ಬೇಡವೆಂದವನು. ಅವನು ಹಳೆಯ ಕಥಾಮಾಲೆಯನ್ನು ಬಿಟ್ಟು ಹೊಸದೊಂದನ್ನು ಕಲ್ಪಿಸಿಕೊಂಡು ಟೆಲಿವಿಷನ್ ವ್ಯಾಪಾರದ ದೊಡ್ಡ ಕುಳವಾದ ಲ್ಯೂ ಗ್ರೇಡನ ಮುಂದಿಟ್ಟನು. ಗ್ರೇಡ್ ಒಪ್ಪಿದನು. ಹೀಗೆ ಹುಟ್ಟಿದುದು 'ದಿ ಪ್ರಿಸನರ್', ಎಂದರೆ 'ಸೆರೆಯಾಳು'. ಒಟ್ಟು 17 ಕಂತುಗಳ ಈ ಕಥೆ ಇಂಗ್ಲೆಂಡಿನಲ್ಲಿ 1967ರ ಸೆಪ್ಟೆಂಬರಿನಲ್ಲಿ ಮೊದಲಾಗಿ ಮುಂದಿನ ಫೆಬ್ರವರಿಯಲ್ಲಿ ಮುಗಿಯಿತು.

ಕಥೆಯ ಮೊದಲು ಬಹಳ ಸರಳ. ಸರ್ಕಾರದ ಗುಪ್ತಕಾರ್ಯದಲ್ಲಿದ್ದ ಒಬ್ಬನು ಕೋಪದಿಂದ ರಾಜೀನಾಮೆ ಕೊಟ್ಟು ಮನೆಗೆ ಬರುತ್ತಾನೆ. ಪೆಟ್ಟಿಗೆ ಕಟ್ಟುತ್ತಿರುವಾಗ ಬಾಗಿಲ ಬೀಗದ ಕಿಂಡಿಯಿಂದ ವಿಷದ ಹೊಗೆ ಒಳನುಗ್ಗುತ್ತದೆ. ಎಚ್ಚರವಾದಾಗ ಅವನಿರುವುದು ಹೂದೋಟಗಳೂ ಬಣ್ಣಬಣ್ಣದ ಗೋಪುರಗಳೂ ತುಂಬಿದ, ಹೆಸರಿಲ್ಲದ ಒಂದು 'ಗ್ರಾಮ'ದಲ್ಲಿ. ಅಲ್ಲಿ ಯಾರಿಗೂ ಹೆಸರಿಲ್ಲ, ಎಲ್ಲರಿಗೂ ನಂಬರುಗಳು. ಇವನು ಆರನೆಯ ನಂಬರಿನವನು. ಆಡಳಿತ ನಡೆಸುವವನು ಎರಡನೆಯ ನಂಬರಿನವನು. ಅವನು ಸೋತಾಗಲೆಲ್ಲ ಆ ಕುರ್ಚಿಗೆ ಮತ್ತೊಬ್ಬನು ಬರುತ್ತಾನೆ. ಎಲ್ಲರಿಗೂ ಬೇಕಾದುದು ಒಂದೇ ಸಂಗತಿ: ಇವನು ಕೆಲಸ ಬಿಟ್ಟುದೇಕೆ? ಇವನು ಹೇಳುವುದಿಲ್ಲ. ಓಡಿಹೋಗಲು ಹೊರಟರೆ ಬಿಳಿಯ ಬಲೂನಿನಂಥ ಭೀಕರ ವಸ್ತುವೊಂದು ಕಡಲಿನಿಂದೆದ್ದು ಬಂದು ಉಸಿರು ಕಟ್ಟಿಸಿ ಕೆಡವುತ್ತದೆ. ಈ ಗ್ರಾಮವೆಂದು ತೋರಿಸಿದುದು ಉತ್ತರ ವೇಲ್ಸಿನ ಪೋರ್ಟ್‌ಮೇರಿಯನ್ ಎಂಬ ಸ್ಥಳ. ಕ್ಲಫ್ ವಿಲಿಯಮ್ಸ್-ಎಲಿಸ್ ಎಂಬ ವಾಸ್ತುಶಿಲ್ಪಿ 1925ರಲ್ಲಿ ಕಟ್ಟಲು ತೊಡಗಿ ಸುಮಾರು 50 ವರ್ಷಗಳ ಕಾಲ ಬೆಳೆಸಿದ, ಇಟಲಿಯ ಕಡಲತಡಿಯ ಊರನ್ನು ಹೋಲುವ ಆ ಸೌಂದರ್ಯವೇ ಕಥೆಗೆ ಒಂದು ಕಹಿಯನ್ನು ಕೊಟ್ಟಿತು. ಕತ್ತಲಕೋಣೆಯ ಸೆರೆಯನ್ನು ಸೆರೆಯೆಂದು ಯಾರೂ ಗುರುತಿಸಬಲ್ಲರು. ಬ್ಯಾಂಡು ಬಾರಿಸುವ, ಐಸ್‌ಕ್ರೀಮು ಮಾರುವ ಸೆರೆಯನ್ನು ಗುರುತಿಸುವುದು ಕಷ್ಟ.

ಬಹುತೇಕ ಕಂತುಗಳು ಒಂದೇ ಸಂಭಾಷಣೆಯಿಂದ ಆರಂಭವಾಗುತ್ತಿದ್ದುವು. ಸೆರೆಯಾಳು ತಾನೆಲ್ಲಿರುವೆನೆಂದು ಕೇಳುತ್ತಾನೆ; ನಿಮಗೇನು ಬೇಕೆಂದು ಕೇಳುತ್ತಾನೆ; ಕಡೆಗೆ ಒಂದನೆಯ ನಂಬರಿನವನು ಯಾರೆಂದು ಕೇಳುತ್ತಾನೆ. ಅದಕ್ಕೆ ಬರುವ ಉತ್ತರ, 'ನೀನು ಆರನೆಯ ನಂಬರಿನವನು' ಎಂದು. ಸೆರೆಯಾಳು ತಾನು ನಂಬರಲ್ಲ, ಸ್ವತಂತ್ರ ಮನುಷ್ಯನೆಂದು ಗರ್ಜಿಸುತ್ತಾನೆ. ಎದುರಿನಿಂದ ನಗೆ ಕೇಳುತ್ತದೆ. ವಾರವಾರವೂ ಇದನ್ನು ಕೇಳಿದ ಪ್ರೇಕ್ಷಕನ ಮನಸ್ಸಿನಲ್ಲಿ ಒಂದೇ ಪ್ರಶ್ನೆ ಬೇರೂರಿತು. ಆ ಒಂದನೆಯವನಾರು? ಶತ್ರುದೇಶದವನೋ? ಇಂಗ್ಲೆಂಡಿನ ಮಂತ್ರಿಯೋ? ಸೆರೆಯಾಳಿನ ಹಳೆಯ ಮೇಲಧಿಕಾರಿಯೋ?

ಉತ್ತರ ಕೊಡಬೇಕಾಗಿದ್ದ ಕೊನೆಯ ಕಂತಿನ ಹೆಸರು 'ಫಾಲ್ ಔಟ್'. ಇಂಗ್ಲಿಷಿನಲ್ಲಿ ಈ ಮಾತಿಗೆ ಜಗಳವಾಡಿ ಅಗಲುವುದೆಂಬ ಅರ್ಥವೂ ಉಂಟು. ಅಣುಬಾಂಬು ಸಿಡಿದ ಮೇಲೆ ಆಕಾಶದಿಂದ ಉದುರುವ ವಿಷದ ಧೂಳೆಂಬ ಅರ್ಥವೂ ಉಂಟು. ಮೆಗೂಹನನೇ ಬರೆದು ತಾನೇ ನಿರ್ದೇಶಿಸಿದ ಕಂತಿದು. ನೆಲದಡಿಯ ವಿಶಾಲವಾದ ಗುಹೆಯಲ್ಲಿ ಬಿಳಿಯ ನಿಲುವಂಗಿಯ, ಅರ್ಧ ಕಪ್ಪು ಅರ್ಧ ಬಿಳಿ ಮುಖವಾಡದ ಸಭೆಯೊಂದು ಸೇರಿದೆ. ಸೆರೆಯಾಳು ಗೆದ್ದನೆಂದು ಸಾರಿ ಅವನನ್ನು ಸಿಂಹಾಸನದ ಮೇಲೆ ಕೂರಿಸುತ್ತಾರೆ. ದಂಗೆಯೆದ್ದ ಯುವಕನೊಬ್ಬನನ್ನೂ, ಸತ್ತು ಬದುಕಿಬಂದ ಹಳೆಯ ಎರಡನೆಯ ನಂಬರಿನವನನ್ನೂ ವಿಚಾರಣೆಗೆ ತರುತ್ತಾರೆ. ಸೆರೆಯಾಳಿಗೆ ಮಾತ್ರ ಮನೆಯ ಬೀಗದಕೈ, ಪಾಸ್‌ಪೋರ್ಟು, ಹಣ ಎಲ್ಲವನ್ನೂ ಒಪ್ಪಿಸಿ, ಬೇಕಾದರೆ ನಮ್ಮನ್ನಾಳು, ಬೇಡವಾದರೆ ಹೊರಟುಹೋಗು ಎನ್ನುತ್ತಾರೆ. ಅವನು ಭಾಷಣ ಮಾಡಲು ಏಳುತ್ತಾನೆ. ಮೊದಲ ಮಾತು 'ಐ', ಎಂದರೆ 'ನಾನು'. ಇಂಗ್ಲಿಷಿನಲ್ಲಿ ಸಭೆಯವರು ಸಮ್ಮತಿಯನ್ನು ಕೂಗುವ ಮಾತಿನ ಉಚ್ಚಾರವೂ 'ಐ' ಎಂದೇ. ಅವನು 'ನಾನು' ಎಂದೊಡನೆ ಸಭೆಯೆಲ್ಲವೂ 'ಐ, ಐ, ಐ' ಎಂದು ಕೂಗಿ ಅವನ ದನಿಯನ್ನು ಮುಳುಗಿಸಿಬಿಡುತ್ತದೆ. ವ್ಯಕ್ತಿಯ 'ನಾನು' ಎಂಬುದು ಗುಂಪಿನ 'ಹೌದು' ಎಂಬುದರಲ್ಲಿ ಕರಗಿಹೋಗುವ ಈ ದೃಶ್ಯ ಆ ಮಾಲೆಯ ಅತ್ಯುತ್ತಮ ಕ್ಷಣಗಳಲ್ಲೊಂದು.

ಕಡೆಗೆ ಅವನನ್ನು ಒಂದನೆಯ ನಂಬರಿನವನ ಬಳಿಗೆ ಕಳುಹಿಸುತ್ತಾರೆ. ಮುಸುಕು ಹಾಕಿದ ಆಕೃತಿಯೊಂದು ಅಲ್ಲಿ ನಿಂತಿದೆ. ಸೆರೆಯಾಳು ಅದರ ಮುಖವಾಡವನ್ನು ಕಿತ್ತೆಸೆಯುತ್ತಾನೆ. ಒಳಗೆ ಕೋತಿಯ ಮುಖವಾಡ. ಅದನ್ನೂ ಕೀಳುತ್ತಾನೆ; ಒಳಗೆ ಇರುವುದು ಅವನದೇ ಮುಖ, ಹುಚ್ಚುಹುಚ್ಚಾಗಿ ನಗುತ್ತಿರುವುದು. ಕಣ್ಣು ಮಿಟುಕಿಸುವಷ್ಟರಲ್ಲಿ ಆ ಮುಖ ಮರೆಯಾಗುತ್ತದೆ. ಆಮೇಲೆ ಬಂದೂಕುಗಳ ಕಾಳಗ. ಅದಕ್ಕೆ ಹಿಮ್ಮೇಳವಾಗಿ ಬೀಟಲ್ಸ್ ಗಾಯಕರ ಪ್ರೇಮಗೀತೆ. ರಾಕೆಟ್ಟು ಹಾರುತ್ತದೆ, ಗ್ರಾಮ ಬರಿದಾಗುತ್ತದೆ, ತಪ್ಪಿಸಿಕೊಂಡವರು ಲಾರಿಯಲ್ಲಿ ಕುಣಿಯುತ್ತ ಲಂಡನ್ನಿನ ದಾರಿ ಹಿಡಿಯುತ್ತಾರೆ.

ಕಂತು ಮುಗಿದೊಡನೆ ಟೆಲಿವಿಷನ್ ಕಚೇರಿಗಳ ಟೆಲಿಫೋನುಗಳಿಗೆ ಬಿಡುವಿಲ್ಲದಾಯಿತೆಂದು ಹೇಳುತ್ತಾರೆ. ಜನರು ತಮಗೆ ಮೋಸವಾಯಿತೆಂದರು. ಕೆಲವು ಕಾಲ ತಾನು ಜನರ ಕಣ್ಣಿಗೆ ಬೀಳದಂತೆ ಇರಬೇಕಾಯಿತೆಂದು ಮೆಗೂಹನನೇ ಮುಂದೆ ಹೇಳಿಕೊಂಡಿದ್ದಾನೆ. ಈ ಕೋಪವನ್ನು ಮೂಢರ ಕೋಪವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಬೇಹುಗಾರನ ಕಥೆಗೆ ಅದರದೇ ಆದ ಧರ್ಮವುಂಟು: ರಹಸ್ಯವಿದ್ದರೆ ಅದಕ್ಕೊಬ್ಬ ಒಡೆಯನಿರಬೇಕು, ಅವನಿಗೊಂದು ಉದ್ದೇಶವಿರಬೇಕು. ಮೊದಲಿನಿಂದಲೂ ಕಥೆಯ ಸಂಪಾದಕನಾಗಿದ್ದು ಮುಗಿಯುವ ಮೊದಲೇ ಬಿಟ್ಟುಹೋದ ಜಾರ್ಜ್ ಮಾರ್ಕ್‌ಸ್ಟೈನನ ಪಕ್ಷವೂ ಹೆಚ್ಚುಕಡಮೆ ಇದೇ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಹೊರಗೆ ಬಿಡಲು ಆಗದಷ್ಟು ರಹಸ್ಯಗಳನ್ನು ತಿಳಿದಿದ್ದ ಜನರನ್ನು ಸ್ಕಾಟ್ಲೆಂಡಿನ ಇನ್ವರ್‌ಲೇರ್ ಎಂಬ ಒಂಟಿ ಬಂಗಲೆಯಲ್ಲಿ ಇರಿಸಿದ್ದುದರಿಂದ ಈ ಕಥೆಯ ಬೀಜ ದೊರೆಯಿತೆಂದು ಅವನು ಹೇಳುತ್ತಿದ್ದನು. ಅವನ ದೃಷ್ಟಿಯಲ್ಲಿ ಗ್ರಾಮವು ಭೂಮಿಯ ಮೇಲಿನ ಒಂದು ಸ್ಥಳ. ಮೆಗೂಹನನ ದೃಷ್ಟಿಯಲ್ಲಿ ಅದು ಮನಸ್ಸಿನ ಒಂದು ಸ್ಥಿತಿ. ಸ್ಥಳವನ್ನು ನಂಬಿ ಹದಿನಾರು ವಾರ ನಡೆದುಬಂದ ಪ್ರೇಕ್ಷಕನನ್ನು ಹದಿನೇಳನೆಯ ವಾರದಲ್ಲಿ ಸ್ಥಿತಿಯೊಳಗೆ ತಳ್ಳಿದರೆ ಅವನು ಎಡವದೆ ಇರುವುದು ಹೇಗೆ?

ಇನ್ನೂ ಒಂದು ಕಾರಣವನ್ನು ಇಂದಿನವರು ಮರೆಯುವುದುಂಟು. ಆ ಮಾಲೆಯನ್ನು ಬಣ್ಣದಲ್ಲಿ ಚಿತ್ರಿಸಿದ್ದರೂ ಆ ವಾಹಿನಿಯಲ್ಲಿ ಬಣ್ಣದ ಪ್ರಸಾರ ಆರಂಭವಾದುದು 1969ರಲ್ಲಿ. ಮೊದಲ ಪ್ರೇಕ್ಷಕರು ಎಲ್ಲವನ್ನೂ ಕಪ್ಪು ಬಿಳುಪಿನಲ್ಲಿ, ಚಿಕ್ಕ ಪರದೆಯ ಮೇಲೆ ನೋಡಿದರು. ಮನೆಯಲ್ಲಿ ಹಿಡಿದಿಟ್ಟು ಮತ್ತೆ ನೋಡುವ ಅನುಕೂಲ ಅವರಿಗಿರಲಿಲ್ಲ. ಕೋತಿಯ ಮುಖವಾಡದ ಕೆಳಗಿನ ಮುಖವನ್ನು ಅನೇಕರು ಕಾಣಲೇ ಇಲ್ಲ. ಕಂಡವರಲ್ಲಿಯೂ ಕೆಲವರು ತಾವು ಸರಿಯಾಗಿ ಕಂಡೆವೇ ಎಂದು ಒಬ್ಬರನ್ನೊಬ್ಬರು ಕೇಳಿಕೊಂಡರು. ಉತ್ತರವನ್ನು ಕೊಟ್ಟರೂ ಕೊಡದಂತೆ ಕೊಟ್ಟ ಕಂತಿದು.

ಎರಡನೆಯ ಬಗೆಯ ಪ್ರೇಕ್ಷಕರು ಹುಟ್ಟಿದುದು ನಿಧಾನವಾಗಿ. 1977ರಲ್ಲಿ 'ಸಿಕ್ಸ್ ಆಫ್ ಒನ್' ಎಂಬ ಅಭಿಮಾನಿಗಳ ಸಂಘವೊಂದು ಏರ್ಪಟ್ಟಿತು. ಅವರು ಪೋರ್ಟ್‌ಮೇರಿಯನ್ನಿನಲ್ಲಿ ನೆರೆದು, ಕಥೆಯಲ್ಲಿದ್ದಂತೆ ಮನುಷ್ಯರನ್ನೇ ಕಾಯಿಗಳಾಗಿ ನಿಲ್ಲಿಸಿ ಚದುರಂಗವಾಡಿದರು. 1983ರಲ್ಲಿ ಮಾಲೆ ಮತ್ತೆ ಪ್ರಸಾರವಾಗುವ ವೇಳೆಗೆ ಮನೆಗಳಲ್ಲಿ ವಿಡಿಯೋ ಯಂತ್ರಗಳು ಬಂದಿದ್ದುವು. ಓಡುವ ಚಿತ್ರವನ್ನು ನಿಲ್ಲಿಸಿ ಆ ಮುಖವನ್ನು ಬೇಕಾದಷ್ಟು ಹೊತ್ತು ನೋಡುವುದು ಸಾಧ್ಯವಾಯಿತು. ಆಗ ಕೆಲವರಿಗೆ ಆರಂಭದ ಸಂಭಾಷಣೆಯೇ ಬೇರೆಯಾಗಿ ಕೇಳಿಸಿತು. ಒಂದನೆಯವನು ಯಾರೆಂಬ ಪ್ರಶ್ನೆಗೆ ಬರುವ ಇಂಗ್ಲಿಷ್ ಉತ್ತರದ ನಡುವೆ ಉಸಿರೆಳೆಯುವಷ್ಟು ನಿಲುಗಡೆ ಇಟ್ಟರೆ ಅದರ ಅರ್ಥ 'ನೀನೇ, ಆರನೆಯವನೇ' ಎಂದಾಗುತ್ತದೆ! ಹಾಗಿದ್ದರೆ ಉತ್ತರವನ್ನು ವಾರವಾರವೂ ಕೊಟ್ಟೇ ಇದ್ದರು. ಅದು ಉದ್ದೇಶಪೂರ್ವಕವೋ ಆಕಸ್ಮಿಕವೋ ಎಂಬ ವಾದ ಅಭಿಮಾನಿಗಳಲ್ಲಿ ಇನ್ನೂ ನಿಂತಿಲ್ಲ. ಮನುಷ್ಯನ ಅತಿ ದೊಡ್ಡ ವೈರಿ ಅವನೊಳಗೇ ಇರುವನೆಂಬುದು ತನ್ನ ಅಭಿಪ್ರಾಯವೆಂದು ಮೆಗೂಹನನೂ ಬಳಿಕ ವಿವರಿಸಿದನು. ಅರಿಷಡ್ವರ್ಗದ ಹೆಸರನ್ನು ಬಾಲ್ಯದಿಂದ ಕೇಳಿದ ವಾಚಕರಿಗೆ ಇದು ಹೊಸ ಮಾತಲ್ಲ. ಬೇಹುಗಾರನ ಉಡುಪಿನಲ್ಲಿ ಅದು ಬಂದುದೇ ಹೊಸತು.

ಮೂರನೆಯ ಬಗೆಯವರು ಕೋತಿಯ ಮುಖವಾಡಕ್ಕಿಂತ ಕೊನೆಯ ಬಾಗಿಲಿಗೆ ಹೆಚ್ಚು ಬೆಲೆ ಕೊಡುತ್ತಾರೆ. ಸೆರೆಯಾಳು ಲಂಡನ್ನಿಗೆ ಮರಳಿದ್ದಾನೆ. ಹಳೆಯ ಎರಡನೆಯ ನಂಬರಿನವನು ಪಾರ್ಲಿಮೆಂಟಿನ ಕಟ್ಟಡವನ್ನು ಸೇರುತ್ತಾನೆ. ಯುವಕನು ಹೆದ್ದಾರಿಯಲ್ಲಿ ಹೋಗುವ ಬರುವ ಬಂಡಿಗಳಿಗೆ ಕೈಚಾಚುತ್ತಾನೆ. ಉಳಿದ ನಟರ ಹೆಸರುಗಳು ಪರದೆಯ ಮೇಲೆ ಕಾಣುತ್ತವೆ. ಮೆಗೂಹನನ ಚಿತ್ರದ ಮೇಲೆ ಮಾತ್ರ ಹೆಸರಿಲ್ಲ, 'ಸೆರೆಯಾಳು' ಎಂದಷ್ಟೇ ಇದೆ. ಅವನ ಮನೆಯ ಬಾಗಿಲಿನ ಮೇಲಿರುವ ಅಂಕೆ 1. ಮೌನಿಯಾದ ಕುಳ್ಳ ಪರಿಚಾರಕನು ಹತ್ತಿರ ಬಂದೊಡನೆ ಆ ಬಾಗಿಲು ಗ್ರಾಮದ ಬಾಗಿಲುಗಳಂತೆಯೇ ಗುಂಯ್‌ಗುಡುತ್ತ ತಾನಾಗಿ ತೆರೆದುಕೊಳ್ಳುತ್ತದೆ. ಮರುಕ್ಷಣವೇ ಗುಡುಗು, ಧಾವಿಸುವ ಮೋಟಾರು, ಅದರಲ್ಲಿ ಅವನ ಮುಖ: ಮೊದಲನೆಯ ಕಂತಿನ ಮೊದಲನೆಯ ಚಿತ್ರ. ಬಿಡುಗಡೆಯೆಂದು ನಗುತ್ತ ಬಂದವನು ಇನ್ನೂ ದೊಡ್ಡದಾದ ಗ್ರಾಮವನ್ನು ಸೇರಿದನಷ್ಟೆ ಎಂದು ಇವರ ಮತ. ಒಪ್ಪಲಿ ಬಿಡಲಿ, ಈ ಬಾಗಿಲನ್ನು ನೋಡಿದವರು ಬೇಗನೆ ಮರೆಯಲಾರರು.

ಈ ಮೂರು ಮತಗಳನ್ನೂ ತೂಗಿ ನೋಡಿದರೆ ವಿಚಿತ್ರವಾದ ಸಂಗತಿಯೊಂದು ಹೊಳೆಯುತ್ತದೆ. ಹದಿನಾರು ವಾರಗಳ ಕಾಲ ಎರಡನೆಯ ನಂಬರಿನ ಕುರ್ಚಿಯಲ್ಲಿ ಕುಳಿತವರೆಲ್ಲರೂ ಸೆರೆಯಾಳಿನಿಂದ ಒಂದು ಉತ್ತರವನ್ನು ಕಿತ್ತುಕೊಳ್ಳಲು ಹೆಣಗಿದರು, ಅವನು ಕೊಡಲಿಲ್ಲ. ಕೊಡದಿದ್ದುದಕ್ಕಾಗಿಯೇ ಪ್ರೇಕ್ಷಕರು ಅವನನ್ನು ಮೆಚ್ಚಿದರು. ಹದಿನೇಳನೆಯ ವಾರದಲ್ಲಿ ಅದೇ ಪ್ರೇಕ್ಷಕರು ಅದೇ ಮನುಷ್ಯನ ಮುಂದೆ ನಿಂತು, ಇದು ಯಾವ ದೇಶ, ಆ ಒಡೆಯನಾರು, ನೀನು ಕೆಲಸ ಬಿಟ್ಟುದೇಕೆ ಎಂದು ಪೀಡಿಸಿದರು. ಅವನು ಆಗಲೂ ಹೇಳಲಿಲ್ಲ. ತಮಗರಿವಿಲ್ಲದೆಯೇ ಅವರು ಹೋಗಿ ಎರಡನೆಯ ನಂಬರಿನ ಕುರ್ಚಿಯಲ್ಲಿ ಕುಳಿತಿದ್ದರು. ರಾಜೀನಾಮೆಯ ಕಾರಣ ಇಂದಿಗೂ ಯಾರಿಗೂ ತಿಳಿದಿಲ್ಲವೆಂಬುದನ್ನು ನೆನೆದರೆ, ಆ ಸೆರೆಯಾಳು ಒಂದು ಯುದ್ಧವನ್ನಾದರೂ ಪೂರ್ತಿಯಾಗಿ ಗೆದ್ದನೆಂದು ಹೇಳಬೇಕು.

ಇಷ್ಟರಿಂದ ಆ ಕಂತು ನಿರ್ದೋಷವೆಂದು ತಿಳಿಯಬೇಕಾಗಿಲ್ಲ. ಅವಸರದ ಗುರುತು ಅದರ ಮೈಮೇಲೆಲ್ಲ ಇದೆ. ಕುಣಿತ ಹೆಚ್ಚಾಯಿತು, ಗದ್ದಲ ಹೆಚ್ಚಾಯಿತು. ಕೊಲ್ಲುವುದಕ್ಕೆ ಹಿಂಜರಿಯುತ್ತಿದ್ದ ನಾಯಕನು ಪ್ರೇಮಗೀತೆಯ ತಾಳಕ್ಕೆ ಗುಂಡು ಹಾರಿಸುವುದು ವ್ಯಂಗ್ಯವೆಂದು ಸಮರ್ಥಿಸಬಹುದಾದರೂ, ವ್ಯಂಗ್ಯಕ್ಕೂ ಒಂದು ಅಳತೆ ಬೇಕು. ಇಡೀ ಮಾಲೆಯ ಭಾರವನ್ನು ಹೊರಬೇಕಾದ ಮುಖವನ್ನು ಕ್ಷಣಾರ್ಧದಲ್ಲಿ ಹಾಯಿಸಿಬಿಟ್ಟುದು ಕಲೆಯ ಸಂಯಮವೆನಿಸುವುದಿಲ್ಲ. ಹೇಳಬೇಕಾದುದನ್ನು ನುಂಗಿಕೊಂಡು ಹೇಳಿದಂತಿದೆ. ಪ್ರೇಕ್ಷಕರಿಗೆ ತಾನು ಬಯಸಿದ ಉತ್ತರವೇ ದೊರೆಯಬೇಕೆಂಬ ಹಕ್ಕಿಲ್ಲ. ಕೊಟ್ಟ ಉತ್ತರ ಕಣ್ಣಿಗೆ ಕಾಣುವಂತಿರಬೇಕೆಂಬ ಹಕ್ಕು ಮಾತ್ರ ಖಂಡಿತವಾಗಿಯೂ ಉಂಟು. ಮೊದಲ ದಿನ ಕೋಪಿಸಿಕೊಂಡವರ ದೂರಿನಲ್ಲಿ ಸತ್ಯವಿದ್ದರೆ ಅದು ಇಷ್ಟು.

ಮೆಗೂಹನ್ 2009ರ ಜನವರಿಯಲ್ಲಿ ತೀರಿಕೊಂಡನು. ಬದುಕಿರುವವರೆಗೂ ಅವನನ್ನು ಜನ ಅದೇ ಪ್ರಶ್ನೆ ಕೇಳಿದರು. ತನ್ನ ಕಥೆಯ ವಿಷಯದಲ್ಲಿ ಜನ ಕಾದಾಡುವುದು ತನಗೆ ಸಂತೋಷವೇ ಎಂಬ ಧೋರಣೆಯಲ್ಲಿ ಅವನು ಉತ್ತರಿಸುತ್ತಿದ್ದನು. ಆ ವರ್ಷಗಳಲ್ಲಿ ಬಂದ ಎಷ್ಟೋ ಬೇಹುಗಾರ ಕಥೆಗಳು ಗಂಟನ್ನು ಅಚ್ಚುಕಟ್ಟಾಗಿ ಬಿಚ್ಚಿ, ಖಳನನ್ನು ಹಿಡಿದುಕೊಟ್ಟು, ಪ್ರೇಕ್ಷಕರನ್ನು ತೃಪ್ತಿಯಿಂದ ಮಲಗಲು ಕಳುಹಿಸಿದುವು. ಆ ಖಳರ ಹೆಸರುಗಳು ಈಗ ಯಾರಿಗೂ ನೆನಪಿಲ್ಲ. ಇವನ ಕಂತನ್ನು ನೋಡಿದವರು ಕೋಪದಿಂದ ಮಲಗಿದರು. ಅವರ ಮಕ್ಕಳು ಅದನ್ನು ಮತ್ತೆ ಹಾಕಿಕೊಂಡು, ಆ ಮುಖ ಬರುವ ಕಡೆ ಚಿತ್ರವನ್ನು ನಿಲ್ಲಿಸಿ, ತಂದೆಯನ್ನು ಕರೆದು ತೋರಿಸುವ ಕಾಲವೂ ಬಂದಿತು.