ಅಮ್ಮನಿಗೊಂದು ತೆಂಗಿನ ಸಸಿ

ಅಪ್ಪ ಹೋದ ಮೇಲೆ ಅಮ್ಮ ಮಂಗಳೂರು ಬಿಟ್ಟು ಮಡಿಕೇರಿಯ ಅಕ್ಕನ ಮನೆ ಸೇರಿದಳು. ಫೋನ್ ಮಾಡಿದಾಗಲೆಲ್ಲ ಒಂದೇ ಮಾತು, "ಬರುವಾಗ ಒಂದು ತೆಂಗಿನ ಸಸಿ ತಾ ಮಾರಾಯ."

ಇಲ್ಲಿ ಹಿತ್ತಿಲಲ್ಲಿ ಬಿದ್ದ ಕಾಯಿಯೇ ಮೊಳೆಯುತ್ತದೆ. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗೂ ಎತ್ತರ. ತೆಂಗಿಗೆ ಹಿತವಾದದ್ದು ಸುಮಾರು 27 ಡಿಗ್ರಿ. 20ಕ್ಕಿಂತ ಇಳಿದರೆ ಬೆಳವಣಿಗೆ ಕುಂಠಿತ. ಗಿಡ ಬದುಕಿದರೂ ಕಾಯಿ ನಂಬುವಂತಿಲ್ಲ.

ಚಳಿ ತಡೆಯುವ ಪಾಮ್‌ಗಳು ಇಲ್ಲವೆಂದಲ್ಲ. 1849ರಲ್ಲಿ ರಾಬರ್ಟ್ ಫಾರ್ಚೂನ್ ಚೀನಾದಿಂದ ಇಂಗ್ಲೆಂಡಿಗೆ ಕಳಿಸಿದ ವಿಂಡ್‌ಮಿಲ್ ಪಾಮ್ ಹಿಮದಲ್ಲೂ ನಿಲ್ಲುತ್ತದೆ. ಅದರ ಸಂಬಂಧಿಯೊಂದು ನಮ್ಮದೇ ಕುಮಾವೂನ್ ಬೆಟ್ಟಗಳಲ್ಲಿದೆ. ಆದರೆ ಎಲೆ ಬೀಸಣಿಗೆಯ ಹಾಗೆ, ಪಲ್ಯಕ್ಕೆ ತುರಿಯಲು ಕಾಯಿಯೂ ಇಲ್ಲ. ಫೋಟೋ ನೋಡಿ ಅಮ್ಮ ನಕ್ಕಳು, "ಇದೆಂಥದ್ದು?"

ಅಕ್ಕ ಬೈನೆ ನೆಡೋಣ ಅಂದಳು. ಅದೂ ತೆಂಗಿನ ಕುಲದ್ದೇ, ಕೊಡಗಿನ ಕಾಡಿನದ್ದೇ, ಆನೆಗಳಿಗೆ ಪ್ರೀತಿ. ತುದಿಯಿಂದ ಹೂಬಿಡುತ್ತ ಕೆಳಗಿಳಿದು, ಕೊನೆಯ ಗೊನೆ ಮುಗಿದ ಮೇಲೆ ಒಣಗಿಬಿಡುವ ಮರ. ಅದನ್ನು ಕೇಳಿದ್ದೇ ಅಮ್ಮ ಎದ್ದು ಒಳಗೆ ಹೋದಳು. ಬೈನೆಯ ಸುದ್ದಿ ಮತ್ತೆ ಯಾರೂ ಎತ್ತಲಿಲ್ಲ.

ಕೊನೆಗೆ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತೆಂಗಿನ ಸಸಿಯನ್ನೇ ಒಯ್ದೆ. ಬಿಸಿಲು ಬೀಳುವ ಗೋಡೆಯ ಬುಡದಲ್ಲಿ ನೆಟ್ಟಿದ್ದೇವೆ. ಡಿಸೆಂಬರ್ ರಾತ್ರಿಗಳಲ್ಲಿ ಅಮ್ಮ ಅದಕ್ಕೆ ಗೋಣಿ ಹೊದೆಸುತ್ತಾಳೆ. ನಿನ್ನೆ ಫೋನಿನಲ್ಲಿ ಕೇಳಿದಳು, "ಒಂದು ಗರಿ ಹಳದಿಯಾಗಿದೆ, ಬುಡಕ್ಕೆ ಬೂದಿ ಹಾಕಲಾ?"