14 ಅಂಗುಲದ ಜಾಗ

ಒಂದು ಯಂತ್ರವನ್ನು ಕತ್ತರಿಸುವುದೋ ಬೇಡವೋ ಎಂದು ನಮ್ಮ ಚಿಕ್ಕಪ್ಪ ಆರು ತಿಂಗಳು ಯೋಚನೆ ಮಾಡಿದರು. ಕತ್ತರಿಸಿದ್ದು ಅರ್ಧ ದಿನದಲ್ಲಿ. ಆ ಅರ್ಧ ದಿನಕ್ಕಿಂತ ಅದರ ಹಿಂದಿನ ಆರು ತಿಂಗಳೇ ನನಗೆ ಹೆಚ್ಚು ನೆನಪು.

ಮೈಸೂರಿನ ಸರಸ್ವತೀಪುರಂನಲ್ಲಿ ಅವರದು ಹಳೇ ಮನೆ, ಪಕ್ಕಕ್ಕೊಂದು ಕಾರ್ ಶೆಡ್ಡು. ಈಗ ಅಲ್ಲಿ ಕಾರಿಲ್ಲ. ಒಂದು ಕಡೆ ಸ್ಕೂಟರು, ನೀರಿನ ಪಂಪು, ಮನೆ ರಿಪೇರಿಯಾದಾಗ ಉಳಿದ ತೇಗದ ಹಲಗೆಗಳು. ಮರಗೆಲಸಕ್ಕೆ ಉಳಿದದ್ದು 8 ಅಡಿ ಉದ್ದದ ಒಂದು ಮೂಲೆ. ಅದರಲ್ಲಿ 6 ಅಡಿಯನ್ನು ಶಾಪ್‌ಸ್ಮಿತ್ ಆಕ್ರಮಿಸಿತ್ತು. ಅಮೆರಿಕದಲ್ಲಿ ನೌಕರಿ ಮುಗಿಸಿ ಬರುವಾಗ ಅವರು ಸೋಫಾ, ಡೈನಿಂಗ್ ಟೇಬಲ್ ಎಲ್ಲ ಅಲ್ಲಿಯೇ ಬಿಟ್ಟು, ಸಾಮಾನಿನ ಜೊತೆ ತಂದದ್ದು ಇದೊಂದನ್ನೇ.

ಶಾಪ್‌ಸ್ಮಿತ್ ಮಾರುಕಟ್ಟೆಗೆ ಬಂದದ್ದು 1947ರಲ್ಲಿ, ನಮಗೆ ಸ್ವಾತಂತ್ರ್ಯ ಬಂದ ವರ್ಷ. ಕ್ಯಾಲಿಫೋರ್ನಿಯಾದಲ್ಲಿ ಹ್ಯಾನ್ಸ್ ಗೋಲ್ಡ್‌ಶ್ಮಿಟ್ ಎಂಬುವರು ರೂಪಿಸಿದ್ದು. ಒಂದೇ ಮೋಟಾರು, ಐದು ಕೆಲಸ: ಗರಗಸ, ಲೇತು, ಉಜ್ಜುವ ತಟ್ಟೆ, ಅಡ್ಡ ರಂಧ್ರ, ನೆಟ್ಟಗೆ ನಿಲ್ಲಿಸಿದರೆ ಡ್ರಿಲ್ಲು. ಚಿಕ್ಕಪ್ಪನದು ಆಮೇಲೆ ಬಂದ ಮಾರ್ಕ್ ಫೈವ್ ಮಾದರಿ. ಎರಡು ಉದ್ದನೆಯ ಉಕ್ಕಿನ ಕೊಳವೆಗಳ ಮೇಲೆ ಮೋಟಾರಿನ ತಲೆ ಹಿಂದೆ ಮುಂದೆ ಜಾರುತ್ತದೆ. ಅವನ್ನು ಹೊರಲು ಕೆಳಗೆ ಇನ್ನೆರಡು ಕೊಳವೆ. ಸಣ್ಣ ಜಾಗದವರಿಗೆಂದೇ ಹುಟ್ಟಿದ ಯಂತ್ರ ಅದು. ಆದರೆ ಅವರ ಸಣ್ಣ ಜಾಗವೇ ಬೇರೆ, ನಮ್ಮದೇ ಬೇರೆ.

ಇಲ್ಲಿಗೆ ಬಂದ ಮೇಲೆ ಮೊದಲು ಎದುರಾದದ್ದು ಜಾಗದ ತೊಂದರೆಯಲ್ಲ, ಕರೆಂಟಿನದು. ಅಲ್ಲಿ 60 ಹರ್ಟ್ಸ್, ಇಲ್ಲಿ 50. ಟ್ರಾನ್ಸ್‌ಫಾರ್ಮರ್ ಹಾಕಿ ವೋಲ್ಟೇಜ್ ಇಳಿಸಬಹುದು, ಆದರೆ ಹರ್ಟ್ಸ್ ಬದಲಾಗುವುದಿಲ್ಲ. ನಿಮಿಷಕ್ಕೆ 3450 ಸುತ್ತು ತಿರುಗಬೇಕಾದ ಮೋಟಾರು ಸುಮಾರು 2875ಕ್ಕೆ ಇಳಿಯುತ್ತದೆ, ಮೇಲಾಗಿ ಕಾಯುತ್ತದೆ. ಹೊರದೇಶದಿಂದ ಯಂತ್ರ ತರುವವರು ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಚಿಕ್ಕಪ್ಪ ಟ್ರಾನ್ಸ್‌ಫಾರ್ಮರಿನ ಗೋಜಿಗೆ ಹೋಗದೆ ಇಲ್ಲಿಯದೇ 230 ವೋಲ್ಟಿನ ಮೋಟಾರು ಕೂರಿಸಿಕೊಂಡರು. ನನ್ನ ಪ್ರಕಾರ ಅದೇ ಸರಿ.

ಜಾಗದ ಮಾತು ಬಂದದ್ದು ಒಂದು ಸಂಜೆ. ಯಂತ್ರದ ತುದಿಗೂ ಗೋಡೆಗೂ ನಡುವೆ 2 ಅಡಿ, ಅದರಲ್ಲೂ ಹಲಗೆಗಳು ಒರಗಿಕೊಂಡಿದ್ದವು. ಅಡ್ಡಡ್ಡವಾಗಿ ತೂರಿಕೊಂಡು ಆಚೆ ಹೋಗಬೇಕು. ಹಾಗೆ ಹೋಗುವಾಗ ಅವರ ಪಂಚೆಯ ಅಂಚು ತಿರುಗುತ್ತಿದ್ದ ದಂಡಕ್ಕೆ ಸುತ್ತಿಕೊಂಡಿತು. ಸ್ವಿಚ್ಚು ಕೈಗೆಟುಕಿದ್ದರಿಂದ ಏನೂ ಆಗಲಿಲ್ಲ. ಅಂದಿನಿಂದ ಶೆಡ್ಡಿನಲ್ಲಿ ಪಂಚೆ ನಿಂತಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ, ಇಲ್ಲಿ ಕಾಲು ಚಾಚಿಕೊಂಡಿದ್ದದ್ದು ಯಂತ್ರ.

ಅಮೆರಿಕದಲ್ಲಿ ಈ ಕೊಳವೆಗಳನ್ನು ಕತ್ತರಿಸಿ ಯಂತ್ರವನ್ನು ಗಿಡ್ಡ ಮಾಡಿಕೊಂಡವರಿದ್ದಾರೆ, ಮುದ್ದಿಗೆ ‘ಶಾರ್ಟಿ’ ಎನ್ನುತ್ತಾರೆ. ಚಿಕ್ಕಪ್ಪನಿಗೂ ಅದು ಗೊತ್ತಿತ್ತು. ಆದರೆ ಮನಸ್ಸು ಬರಲಿಲ್ಲ. ಮನೆಯ ಬಾಗಿಲು ಕಿಟಕಿ ಮಾಡಿಕೊಟ್ಟ ಆಚಾರ್ರನ್ನು ಕರೆಸಿ ಕೇಳಿದರು. ಅವರು ಯಂತ್ರದ ಸುತ್ತ ಒಮ್ಮೆ ಕಣ್ಣಾಡಿಸಿ, “ಇದರ ಬೆನ್ನೆಲುಬು ಸ್ವಾಮಿ ಅದು. ನಿಮಗೆ ಎಷ್ಟುದ್ದದ ಸಾಮಾನು ಬೇಕು ಅಂತ ಮೊದಲು ಹೇಳಿ. ಕುಯ್ಯೋದು ಆಮೇಲಿನ ಮಾತು” ಅಂದರು.

ಈ ಯಂತ್ರದ ಲೇತಿನಲ್ಲಿ 34 ಅಂಗುಲದ ಮರ ಹಿಡಿಸುತ್ತದೆ. ಚಿಕ್ಕಪ್ಪ ಮೂರು ವರ್ಷದಲ್ಲಿ ಮಾಡಿದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಇಬ್ಬರೂ ಕೂತು ನೋಡಿದೆವು. ಬುಗುರಿ, ಲಟ್ಟಣಿಗೆ, ದಸರಾ ಬೊಂಬೆ ಮೆಟ್ಟಿಲಿಗೆ ಗುಬುಟು, ಪಗಡೆ ಕಾಯಿ. ಎಲ್ಲಕ್ಕಿಂತ ಉದ್ದದ್ದು ಚಿಕ್ಕಮ್ಮನಿಗೆ ಮಾಡಿಕೊಟ್ಟ ಕಡೆಗೋಲು, 18 ಅಂಗುಲ. ಮಜ್ಜಿಗೆಯನ್ನೂ ಕಡೆಯುತ್ತೇವೆ, ಮರವನ್ನೂ ಕಡೆಯುತ್ತೇವೆ. ಹಗ್ಗ ಸುತ್ತಿ ಹಿಂದೆ ಮುಂದೆ ಎಳೆದು ಕಡೆಗೋಲು ತಿರುಗಿಸುವುದಕ್ಕೂ, ಬಿಲ್ಲಿನ ದಾರ ಎಳೆದು ಮರದ ತುಂಡು ತಿರುಗಿಸುತ್ತಿದ್ದ ಹಳೇ ಕಡಸಲಿಗೂ ವ್ಯತ್ಯಾಸ ಬಹಳವಿಲ್ಲ. ಎರಡಕ್ಕೂ ಒಂದೇ ಮಾತನ್ನು ಇಟ್ಟ ನಮ್ಮ ಹಿರಿಯರ ಕಿವಿಗೆ ನಾನು ಕೈಮುಗಿಯುತ್ತೇನೆ.

ಪಗಡೆಯ ಗೀಳು ಅವರಿಗೆ ಹತ್ತಿದ್ದು ರಾಮ್ಸನ್ಸ್ ಕಲಾ ಪ್ರತಿಷ್ಠಾನದ ಪ್ರದರ್ಶನ ನೋಡಿದ ಮೇಲೆ. ಮಣೆಯಾಟಗಳೆಂದರೆ ಪ್ರಾಣ ಬಿಡುತ್ತಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರ ಊರಲ್ಲವೆ ಇದು! ಅಳಿಗುಳಿಮಣೆ, ಚೌಕಾಬಾರ, ಪಗಡೆ ಎಲ್ಲ ಅಲ್ಲಿ ಹೊಸ ಮರದಲ್ಲಿ ಮತ್ತೆ ಹುಟ್ಟಿದ್ದವು. ಪಗಡೆಗೆ ಬೇಕಾದ ಕಾಯಿ 16. ಒಂದೊಂದೂ ಹೆಬ್ಬೆರಳಿನಷ್ಟು. ಅದಕ್ಕೆ 34 ಅಂಗುಲವೇಕೆ?

ಆ ದಿನಗಳಲ್ಲೇ ಅವರು ನನ್ನನ್ನು ಮಂಡಿ ಮೊಹಲ್ಲಾದ ಒಂದು ಇನ್‌ಲೇ ಕೆಲಸದ ಮನೆಗೆ ಕರೆದುಕೊಂಡು ಹೋದರು. ನಮ್ಮ ಶೆಡ್ಡಿನ ಅರ್ಧದಷ್ಟೂ ಇಲ್ಲದ ಕೋಣೆ. ಮೂರು ಜನ ನೆಲದ ಮೇಲೆ ಕೂತಿದ್ದರು. ಒಬ್ಬರು ಸಣ್ಣ ಗರಗಸದಲ್ಲಿ ತೆಳು ಮರದಿಂದ ಆನೆಯ ಕಿವಿಯನ್ನು ಬಿಡಿಸುತ್ತಿದ್ದರು. ಇನ್ನೊಬ್ಬರು ಬೀಟೆಯ ಹಲಗೆಯನ್ನು ಪಾದದಲ್ಲೇ ಒತ್ತಿ ಹಿಡಿದು ಉಳಿಯಿಂದ ಗುಂಡಿ ತೋಡುತ್ತಿದ್ದರು. ಅರಮನೆಯ ಅಂಬಾವಿಲಾಸದ ಬೀಟೆ ಬಾಗಿಲುಗಳಿಗೆ ದಂತ ಕೂರಿಸಿದ ವಿದ್ಯೆಯೇ ಇದು. ಹಿಂದಿನ ಮರದ ಅರಮನೆ 1897ರಲ್ಲಿ ಸುಟ್ಟುಹೋಯಿತು. 1912ರಲ್ಲಿ ಮುಗಿದ ಹೊಸದು ಕಲ್ಲಿನದು. ಆದರೂ ಬಾಗಿಲಿಗೆ, ಚಾವಣಿಗೆ ಮರವೇ ಬಂದು ಕೂತಿತು. ದಂತ ನಿಷೇಧವಾದ ಮೇಲೆ ಆ ಜಾಗಕ್ಕೆ ಬಣ್ಣ ಬಣ್ಣದ ಮರ, ಪ್ಲಾಸ್ಟಿಕ್ಕು ಬಂದಿವೆ. ಕೂತವರ ಮೊಣಕೈ ಆಡುವಷ್ಟು ಜಾಗ ಮಾತ್ರ ಅಲ್ಲಿ ಎಲ್ಲರಿಗೂ ಇತ್ತು. ಅದನ್ನು ಯಾವ ಸಾಮಾನೂ ಕಿತ್ತುಕೊಂಡಿರಲಿಲ್ಲ. ಹೊರಗೆ ಬಂದ ಚಿಕ್ಕಪ್ಪ, “ಕುಯ್ದೇಬಿಡೋಣ ಕಣೋ” ಅಂದರು.

ಲೆಕ್ಕ ಹೀಗೆ. 34ರಲ್ಲಿ 14 ಹೋದರೆ 20. ಕಡೆಗೋಲಿಗೆ ಸಾಕು, ಮಂಚದ ಕಾಲಿಗೂ ಸಾಕು. ಅದಕ್ಕಿಂತ ಉದ್ದದ ಕಂಬ ಬೇಕಾದರೆ ಎರಡು ತುಂಡಾಗಿ ಕಡೆದು, ನಡುವೆ ಗೂಟ ಕೊಟ್ಟು ಸೇರಿಸಬಹುದು ಎಂದು ಆಚಾರ್ರು ಹೇಳಿದ್ದರು. ನಷ್ಟ ಇಲ್ಲವೆಂದಲ್ಲ. ಡ್ರಿಲ್ಲಿಗೆಂದು ನೆಟ್ಟಗೆ ನಿಲ್ಲಿಸಿದಾಗ ಎತ್ತರವೂ ಅಷ್ಟೇ ಕಡಿಮೆಯಾಗುತ್ತದೆ, ಎತ್ತರದ ಸಾಮಾನನ್ನು ಅದರ ಕೆಳಗೆ ಇಡಲಾಗದು. ಹೊಸ ಗಿಡ್ಡ ಕೊಳವೆ ಕೊಂಡು ಹಳೆಯದನ್ನು ಹಾಗೇ ಎತ್ತಿಡುವುದು ಎಲ್ಲಕ್ಕಿಂತ ಒಳ್ಳೆಯದಿತ್ತು. ಆದರೆ ಅಳತೆ ಸರಿಹೊಂದುವ ಕೊಳವೆ ನಮಗೆ ಸಿಗಲಿಲ್ಲ.

ನಾಲ್ಕೂ ಕೊಳವೆ ಬಿಚ್ಚಿ ಲೇತ್ ಅಂಗಡಿಗೆ ಒಯ್ದೆವು. ಹ್ಯಾಕ್ಸಾ ಬ್ಲೇಡಿನಿಂದ ಮನೆಯಲ್ಲೇ ಕುಯ್ಯಬಹುದಿತ್ತು. ಲೇತಿನಲ್ಲಾದರೆ ನಾಲ್ಕರ ಉದ್ದವೂ ಒಂದೇ ಬರುತ್ತದೆ. ಕುಯ್ದ ಅಂಚಿನ ಮುಳ್ಳುಗಳನ್ನು ಚಿಕ್ಕಪ್ಪ ತಾವೇ ಅರದಿಂದ ತೀಡಿದರು. ಅವನ್ನು ಹಾಗೇ ಬಿಟ್ಟರೆ ಮೋಟಾರಿನ ತಲೆ ಜಾರುವಾಗ ಗೀರು ಬೀಳುತ್ತದೆ. ಮತ್ತೆ ಜೋಡಿಸಿ, ಗರಗಸದ ಅಲಗಿಗೂ ಮೇಜಿಗೂ ಮೂಲೆಮಟ್ಟ ಹಿಡಿದು ನೋಡಿದಾಗ ಬೆಳಕು ತೂರಲಿಲ್ಲ. ಅಲ್ಲಿಯವರೆಗೆ ಅವರು ಕಾಫಿ ಕುಡಿದಿರಲಿಲ್ಲ.

ಮೂಲೆಯಲ್ಲೀಗ 3 ಅಡಿಗೆ 2 ಅಂಗುಲ ಹೆಚ್ಚಿನ ದಾರಿ ಇದೆ. ಸಂಪಾದಿಸಿದ ಜಾಗದಲ್ಲಿ ಅವರು ಕಪಾಟು ಇಡಲಿಲ್ಲ, ಹಲಗೆ ಒರಗಿಸಲಿಲ್ಲ. ಒಂದು ಸ್ಟೂಲು ಮಾತ್ರ ಇಟ್ಟರು. ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ಹುಡುಗಿ ಕನ್ನಡಕ ಹಾಕಿಕೊಂಡು, ಕೂದಲು ಬಿಗಿಯಾಗಿ ಕಟ್ಟಿಕೊಂಡು ಬಂದು ಅಲ್ಲಿ ಕೂರುತ್ತಾಳೆ. ಮೊದಲೆಲ್ಲ ಬಾಗಿಲ ಹೊರಗೆ ನಿಂತು ನೋಡಿ ಹೋಗುತ್ತಿದ್ದವಳು. ಹೋದ ದಸರೆಗೆ ಚಿಕ್ಕಮ್ಮ ಬೊಂಬೆ ಕೂರಿಸಿದಾಗ ಕೆಳಗಿನ ಮೆಟ್ಟಿಲ ಮೇಲೆ ಪಗಡೆ ಹಾಸಿದ್ದರು. ಅದರ 16 ಕಾಯಿಗಳನ್ನೂ ಕಡೆದವಳು ಆ ಹುಡುಗಿ.